ಮರ ಒಣಗಿಸಲು ಗಡಿಯಾರ ಸಾಲದು, ತಕ್ಕಡಿ ಬೇಕು



ಕಾಫಿ, ಅಡಿಕೆ, ಮೆಣಸು, ರಾಗಿ ಯಾವುದನ್ನೇ ಬೆಳೆದರೂ ಅದನ್ನು ಸರಿಯಾಗಿ ಒಣಗಿಸದೆ ಮಾರಿದರೆ ತಕ್ಕ ಬೆಲೆ ದೊರೆಯುವುದಿಲ್ಲವೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಹರಡಿದ ಕಾಫಿಯನ್ನು ದಿನಕ್ಕೆ ಹಲವು ಬಾರಿ ಕೈಯಾಡಿಸುವಿರಿ, ಸಂಜೆ ರಾಶಿ ಮಾಡಿ ಮುಚ್ಚುವಿರಿ, ತೇವಾಂಶ ನೋಡಿ ಚೀಲ ಹೊಲಿಯುವಿರಿ. ಆದರೆ ಅದೇ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಇಪ್ಪತ್ತು ಮೂವತ್ತು ವರ್ಷ ನಿಂತ ಸಿಲ್ವರ್ ಓಕ್ ಮರದ ವಿಷಯ ಬಂದಾಗ ಮಾತ್ರ ಈ ಎಚ್ಚರವೆಲ್ಲ ಮಾಯವಾಗುತ್ತದೆ. ಮರವನ್ನು ನಿಂತಲ್ಲೇ ಕಣ್ಣಳತೆಯಲ್ಲಿ ಮಾರಿ ಕೈತೊಳೆದುಕೊಳ್ಳುವುದು, ಇಲ್ಲವೇ ಹಸಿ ದಿಮ್ಮಿಯನ್ನು ಗಿರಣಿಯ ಅಂಗಳದಲ್ಲಿ ಹಾಕಿ ಕೊಟ್ಟಷ್ಟು ಹಣ ತೆಗೆದುಕೊಂಡು ಬರುವುದು ವಾಡಿಕೆಯಾಗಿದೆ.

ಬೇಸಾಯಶಾಸ್ತ್ರದವನಿಗೆ ಮರ ಒಣಗಿಸುವ ಗೊಡವೆ ಏಕೆ ಎಂದು ನೀವು ಕೇಳಬಹುದು. ಇಂದು ಸಿಲ್ವರ್ ಓಕ್, ಹೆಬ್ಬೇವು, ನೀಲಗಿರಿ, ರಬ್ಬರ್ ಇವೆಲ್ಲ ಕಾಡಿನ ಮರಗಳಲ್ಲ. ಹೊಲದ, ತೋಟದ ಬೆಳೆಗಳು. ಬೆಳೆಯೆಂದ ಮೇಲೆ ಅದರ ಕೊಯ್ಲು ಕೊಡಲಿ ಬಿದ್ದ ದಿನಕ್ಕೆ ಮುಗಿಯುವುದಿಲ್ಲ. ಕೊಯ್ಲೋತ್ತರ ಸಂಸ್ಕರಣೆಯೂ ಬೇಸಾಯದ ಭಾಗವೇ. ಮರದಲ್ಲಿ ಆ ಸಂಸ್ಕರಣೆಯ ಮೊದಲ ಮತ್ತು ಮುಖ್ಯ ಹಂತ ಒಣಗಿಸುವಿಕೆ.

ತೋಟದ ಮರದ ಹಲಗೆಯ ಬಗ್ಗೆ ಬಡಗಿಗಳು ಮಾಡುವ ದೂರು ಒಂದೇ: ‘ಮೂರು ತಿಂಗಳಲ್ಲಿ ಬಾಗಿಲು ಸೊಟ್ಟಗಾಗುತ್ತದೆ, ಜೋಡಣೆ ಬಿಡುತ್ತದೆ.’ ಈ ದೂರಿನ ಬಹುಪಾಲಿಗೆ ಮರದ ಜಾತಿ ಕಾರಣವಲ್ಲ. ಹಸಿ ಹಲಗೆಯನ್ನು, ಇಲ್ಲವೇ ಅವಸರದಲ್ಲಿ ಬೇಯಿಸಿದ ಹಲಗೆಯನ್ನು ಕೆಲಸಕ್ಕೆ ಹಚ್ಚುವುದೇ ಕಾರಣ. ಆದರೆ ಕೆಟ್ಟ ಹೆಸರು ಬರುವುದು ಮರಕ್ಕೆ, ಬೆಲೆ ಇಳಿಯುವುದು ಬೆಳೆಗಾರನಿಗೆ. ಕೊಳ್ಳುವವನು ಆಮದಾದ, ಒಣಗಿಸಿ ಸಮಮಾಡಿದ ಪೈನ್ ಹಲಗೆಯತ್ತ ತಿರುಗುತ್ತಾನೆ. ಇದು ಸರಿಪಡಿಸಬಹುದಾದ ನಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೆದುಮರ ಎಂದರೇನು?

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಸಸ್ಯಶಾಸ್ತ್ರದಲ್ಲಿ ಮೆದುಮರ ಎಂದರೆ ದೇವದಾರು, ಚೀರ್, ಪೈನ್ ಮುಂತಾದ ಸೂಜಿಯೆಲೆಯ ಮರಗಳು. ಅಗಲ ಎಲೆಯ ಮರಗಳೆಲ್ಲ ಗಡಸುಮರದ ಗುಂಪಿಗೆ ಸೇರುತ್ತವೆ. ಈ ಲೆಕ್ಕದಲ್ಲಿ ಪೂರ್ವ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್, ನಮ್ಮ ಹೆಬ್ಬೇವು, ಅಷ್ಟೇಕೆ, ಉಗುರು ತಾಕಿದರೆ ಗುರುತು ಬೀಳುವ ಬೂರುಗವೂ ‘ಗಡಸುಮರ’ಗಳೇ. ಬಡಗಿಯ ಭಾಷೆ ಬೇರೆ. ಉಳಿಗೆ ಸುಲಭವಾಗಿ ಬಗ್ಗುವುದೆಲ್ಲ ಅವನಿಗೆ ಮೆದುಮರ.

ಒಣಗಿಸುವವನಿಗೆ ಈ ಎರಡು ವಿಂಗಡಣೆಗಳಿಗಿಂತ ಮೂರನೆಯದೊಂದು ಹೆಚ್ಚು ಉಪಯುಕ್ತ. ಮರ ತನ್ನೊಳಗಿನ ನೀರನ್ನು ಎಷ್ಟು ಸುಲಭವಾಗಿ, ಎಷ್ಟು ಕಡಿಮೆ ಹಾನಿಯಿಂದ ಬಿಟ್ಟುಕೊಡುತ್ತದೆ ಎಂಬುದೇ ಆ ವಿಂಗಡಣೆ. ಮರ ಒಣಗಿಸುವ ವಿಧಾನದ ಭಾರತೀಯ ಮಾನಕ ಐ.ಎಸ್. 1141 ಇದೇ ಆಧಾರದ ಮೇಲೆ ನಮ್ಮ ಮರಗಳನ್ನು ಬಹಳ ಹಟಮಾರಿ, ಸಾಧಾರಣ ಹಟಮಾರಿ ಮತ್ತು ಸುಲಭ ಎಂದು ಮೂರು ವರ್ಗಗಳನ್ನಾಗಿ ವಿಂಗಡಿಸಿದೆ. ನಿಮ್ಮ ಮರ ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಯದೆ ಕಿಲ್ನಿಗೆ (ಮರ ಒಣಗಿಸುವ ಬಿಸಿಕೋಣೆಗೆ) ಬೆಂಕಿ ಹಾಕುವುದು, ಭೂಮಿಯ ಗುಣ ತಿಳಿಯದೆ ಗೊಬ್ಬರ ಎರಚಿದಂತೆ.

ಮರದೊಳಗಿನ ಎರಡು ಬಗೆಯ ನೀರು

ಹಸಿ ಮರದಲ್ಲಿ ನೀರು ಎರಡು ರೂಪದಲ್ಲಿರುತ್ತದೆ. ಕೊಡದಲ್ಲಿ ತುಂಬಿದ ನೀರಿನಂತೆ ಜೀವಕೋಶದ ಪೊಳ್ಳಿನಲ್ಲಿರುವುದು ಒಂದು. ಮಣ್ಣಿನ ಕೊಡದ ಗೋಡೆ ಹೀರಿಕೊಂಡ ನೀರಿನಂತೆ ಕೋಶದ ಗೋಡೆಯಲ್ಲಿರುವುದು ಇನ್ನೊಂದು. ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ. ಆಗ ಮರ ಹಗುರವಾಗುವುದೇ ಹೊರತು ಸಾಮಾನ್ಯವಾಗಿ ಕುಗ್ಗುವುದಿಲ್ಲ. ತೇವಾಂಶ ಶೇಕಡಾ 25ರಿಂದ 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಆರಂಭವಾಗುತ್ತದೆ. ಕುಗ್ಗುವುದು, ಬಾಗುವುದು, ತಿರುಚುವುದು ಬಹುತೇಕ ಇಲ್ಲಿಂದ ಮುಂದೆ.

ಇಲ್ಲೊಂದು ಸೂಕ್ಷ್ಮವಿದೆ. ಹಲಗೆಯ ಹೊರಮೈ ಒಳಮೈಗಿಂತ ಮೊದಲು ಒಣಗುತ್ತದೆ. ಒಳಗೆ ಇನ್ನೂ ಶೇಕಡಾ 50ರಷ್ಟು ತೇವವಿರುವಾಗಲೇ ಹೊರಪದರ ಶೇಕಡಾ 15ಕ್ಕೆ ಇಳಿದಿರಬಹುದು. ಹೊರಪದರ ಕುಗ್ಗಲು ಹವಣಿಸುತ್ತದೆ, ಒಳಗಿನ ಭಾಗ ಬಿಡುವುದಿಲ್ಲ. ಈ ಜಗ್ಗಾಟ ಮಿತಿ ಮೀರಿದಾಗ ಮೇಲ್ಮೈ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳದ ಎರೆಮಣ್ಣು ಬಿರಿಯುವುದೂ ಇದೇ ಕಾರಣದಿಂದ. ಹಾಗಾದರೆ ಒಣಗಿಸುವವನ ಕೌಶಲ ಇರುವುದು ನೀರು ತೆಗೆಯುವುದರಲ್ಲಲ್ಲ. ಹೊರಮೈ ಮತ್ತು ಒಳಮೈಗಳ ನಡುವಿನ ಅಂತರವನ್ನು ಮರ ತಾಳಿಕೊಳ್ಳುವ ಮಿತಿಯಲ್ಲಿ ಇಟ್ಟುಕೊಳ್ಳುವುದರಲ್ಲಿ. ಅದಕ್ಕಾಗಿ ಬಿಸಿಯನ್ನೂ ಗಾಳಿಯ ತೇವವನ್ನೂ ಹಂತ ಹಂತವಾಗಿ ಬದಲಿಸುವ ವಿಧಿಗೇ ಒಣಗಿಸುವ ಕ್ರಮಪಟ್ಟಿ ಎಂದು ಹೆಸರು.

ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಬ್ಯಾರನ್ನಿನಲ್ಲಿ ಸೊಪ್ಪು ಏರಿಸಿದ ಮೊದಲ ದಿನವೇ ಯಾರೂ ಬೆಂಕಿಯನ್ನು ಜೋರು ಮಾಡುವುದಿಲ್ಲ. ಹಳದಿ ಬರುವತನಕ ಕಡಿಮೆ ಬಿಸಿ, ಹೆಚ್ಚು ತೇವ. ಅನಂತರ ಎಲೆ ಒಣಗಲು ಗಾಳಿಕಂಡಿ ತೆರೆದು ಬಿಸಿ ಏರಿಸುವುದು. ಕೊನೆಗೆ ನಡುದಂಟು ಒಣಗಲು ಇನ್ನೂ ಹೆಚ್ಚು ಬಿಸಿ. ಹಂತ ಬದಲಿಸಲು ಅವರು ನೋಡುವುದು ಗಡಿಯಾರವನ್ನಲ್ಲ, ಸೊಪ್ಪಿನ ಬಣ್ಣವನ್ನು. ಮರದಲ್ಲಿ ಬಣ್ಣ ನೋಡಿ ತಿಳಿಯುವಂತಿಲ್ಲ, ತೂಕ ನೋಡಿ ತಿಳಿಯಬೇಕು. ವ್ಯತ್ಯಾಸ ಇಷ್ಟೇ.

ದಿನದ ಲೆಕ್ಕದ ದೋಷ

‘ಇಷ್ಟು ದಪ್ಪದ ಹಲಗೆಗೆ ಇಷ್ಟು ದಿನ’ ಎಂಬ ಲೆಕ್ಕದಲ್ಲಿ ಕಿಲ್ನ್ ನಡೆಸುವ ಪದ್ಧತಿ ಅನೇಕ ಕಡೆ ಉಂಟು. ನಾನು ಆಕ್ಷೇಪಿಸುವುದು ಇದನ್ನೇ. ಜನವರಿಯಲ್ಲಿ ಕಡಿದು ತಿಂಗಳು ಬಿಟ್ಟು ಕೊಯ್ದ ಮರಕ್ಕೂ, ಜುಲೈ ಮಳೆಯಲ್ಲಿ ನೆನೆದು ಬಂದ ಮರಕ್ಕೂ ಒಂದೇ ಅವಧಿ ಹೇಗೆ ಸರಿಹೋದೀತು? ಒಂದೇ ಮರದಲ್ಲೂ ತಿರುಳಿನ ಹಲಗೆ ಮತ್ತು ಸಿಪ್ಪೆಯ ಪಕ್ಕದ ಹಲಗೆಯ ತೇವಾಂಶ ಬೇರೆ ಬೇರೆ. ದಿನ ಎಣಿಸಿ ನೀರು ಹಾಯಿಸುವ ರೈತ ಮಳೆ ಬಂದ ಮರುದಿನವೂ ಹಾಯಿಸಿದಂತಾಗುತ್ತದೆ. ಬೆಳೆಯ ಹಂತ ಮತ್ತು ಮಣ್ಣಿನ ಹಸಿ ನೋಡಿ ನೀರು ಕೊಡಿ ಎಂದು ನಾವು ಹೇಳುವುದು ಏಕೋ, ಹಲಗೆಯ ತೇವಾಂಶ ನೋಡಿ ಬಿಸಿ ಕೊಡಿ ಎಂಬುದೂ ಅದಕ್ಕಾಗಿಯೇ.

ತೇವಾಂಶ ತಿಳಿಯುವ ವಿಧಾನ ಸುಲಭ. ರಾಶಿಯಲ್ಲಿನ ಒಂದು ಹಸಿ ಹಲಗೆಯನ್ನು ಆರಿಸಿ. ತುದಿಯಿಂದ ಸುಮಾರು ಅರ್ಧ ಮೀಟರ್ ಬಿಟ್ಟು ಎರಡೂವರೆ ಸೆಂ.ಮೀ. ಉದ್ದದ ಒಂದು ಅಡ್ಡ ತುಂಡನ್ನು ಕತ್ತರಿಸಿ ಕೂಡಲೇ ತೂಗಿ. ಅದನ್ನು 103 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ಒಲೆಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಹಸಿ ತುಂಡು 160 ಗ್ರಾಂ ಇದ್ದು ಒಣಗಿದ ಮೇಲೆ 100 ಗ್ರಾಂ ಆದರೆ ಹೋದ ನೀರು 60 ಗ್ರಾಂ. ಒಣತೂಕದ ಮೇಲೆ ಲೆಕ್ಕ ಹಾಕಿದರೆ ತೇವಾಂಶ ಶೇಕಡಾ 60.

ಅದೇ ಹಲಗೆಯ ಪಕ್ಕದ ಭಾಗದಿಂದ ಒಂದು ಮೀಟರಿನಷ್ಟು ಉದ್ದದ ಮಾದರಿ ಹಲಗೆಯನ್ನು ಕತ್ತರಿಸಿ, ಎರಡು ತುದಿಗೂ ದಪ್ಪ ಬಣ್ಣ ಬಳಿದು, ತೂಗಿ, ರಾಶಿಯಲ್ಲಿ ಸುಲಭವಾಗಿ ಎಳೆದು ತೆಗೆಯುವಂತೆ ಇಡಬೇಕು. ಅದು 4.80 ಕಿಲೋ ಇದ್ದರೆ ಅದರ ಒಣತೂಕ 4.80ನ್ನು 1.60ರಿಂದ ಭಾಗಿಸಿದಷ್ಟು, ಅಂದರೆ 3.00 ಕಿಲೋ. ಇನ್ನು ಮುಂದೆ ಒಲೆಯ ಕೆಲಸವಿಲ್ಲ, ತಕ್ಕಡಿ ಸಾಕು. ಮಾದರಿ ಹಲಗೆ 4.20 ಕಿಲೋಗೆ ಇಳಿದ ದಿನ ತೇವಾಂಶ ಶೇಕಡಾ 40, 3.90ಕ್ಕೆ ಇಳಿದಾಗ 30, 3.60 ಆದಾಗ 20, 3.36 ಆದಾಗ 12. ಈ ಅಂಕಿಗಳನ್ನು ಕಿಲ್ನಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಕೆಲಸದವರಿಗೂ ತಿಳಿಯುತ್ತದೆ. ಒಂದೇ ಮಾದರಿಯನ್ನು ನೆಚ್ಚದೆ ರಾಶಿಯ ಬೇರೆ ಬೇರೆ ಕಡೆ ನಾಲ್ಕಾರು ಮಾದರಿಗಳನ್ನಿಟ್ಟು, ಅವುಗಳಲ್ಲಿ ಹೆಚ್ಚು ಹಸಿಯಿರುವುದನ್ನು ನೋಡಿ ಹಂತ ಬದಲಿಸಬೇಕು. ಮೊದಲು ಒಣಗಿದ ಹಲಗೆಯನ್ನು ನೋಡಿ ಬಿಸಿ ಏರಿಸಿದರೆ ಹಿಂದುಳಿದ ಹಲಗೆಗಳು ಬಿರಿಯುತ್ತವೆ.

ಮೊಳೆ ಚುಚ್ಚಿ ತೇವಾಂಶ ತೋರಿಸುವ ವಿದ್ಯುತ್ ಮಾಪಕಗಳೂ ಈಗ ದೊರೆಯುತ್ತವೆ. ಅವು ಸುಮಾರು ಶೇಕಡಾ 7ರಿಂದ 25ರವರೆಗೆ ಮಾತ್ರ ನಂಬಿಕೆಗೆ ಅರ್ಹ. ಅದಕ್ಕಿಂತ ಹಸಿಯಾದ ಮರದಲ್ಲಿ ಅವುಗಳ ಮಾತನ್ನು ನೆಚ್ಚಬಾರದು.

ಒಂದು ಕ್ರಮಪಟ್ಟಿಯ ಮಾದರಿ

ಕಿಲ್ನಿನೊಳಗೆ ಎರಡು ಉಷ್ಣಮಾಪಕಗಳಿರುತ್ತವೆ. ಒಂದರ ಬುರುಡೆ ಒಣಗಿರುತ್ತದೆ, ಇನ್ನೊಂದರ ಬುರುಡೆಗೆ ಸದಾ ಒದ್ದೆ ಬಟ್ಟೆ ಸುತ್ತಿರುತ್ತದೆ. ಎರಡರ ಅಂತರ ಕಡಿಮೆಯಿದ್ದರೆ ಗಾಳಿ ತೇವವಾಗಿದೆ, ಹೆಚ್ಚಿದ್ದರೆ ಗಾಳಿ ಒಣಗಿದೆ ಎಂದು ತಿಳಿಯಬೇಕು. ಈ ಅಂತರವೇ ಒಣಗಿಸುವವನ ಕೈಯಲ್ಲಿರುವ ಲಗಾಮು.

ಸುಲಭವಾಗಿ ಒಣಗುವ ಮರದ 25 ಮಿ.ಮೀ. ದಪ್ಪದ ಹಲಗೆಗೆ ಎಚ್ಚರಿಕೆಯಿಂದ ಆರಂಭಿಸುವವರು ಹೀಗೆ ನಡೆಯಬಹುದೆಂದು ನನ್ನ ಸಲಹೆ. ತೇವಾಂಶ ಶೇಕಡಾ 40ಕ್ಕಿಂತ ಹೆಚ್ಚಿರುವಾಗ ಒಣ ಮಾಪಕ 50 ಡಿಗ್ರಿ, ಒದ್ದೆ ಮಾಪಕ 47. ಶೇಕಡಾ 40ರಿಂದ 30ರವರೆಗೆ 55 ಮತ್ತು 49. ಶೇಕಡಾ 30ರಿಂದ 20ರವರೆಗೆ 60 ಮತ್ತು 48. ಅನಂತರ ಕೊನೆಯವರೆಗೆ 65 ಮತ್ತು 47. ಬಿಸಿ ಏರುವುದು ಒಟ್ಟು 15 ಡಿಗ್ರಿ ಮಾತ್ರ. ಆದರೆ ಎರಡು ಮಾಪಕಗಳ ಅಂತರ 3, 6, 12, 18 ಎಂದು ಬೆಳೆಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 84ರಿಂದ 72, 52, 38ಕ್ಕೆ ಇಳಿಯುತ್ತದೆ. ಅಂದರೆ ಮರ ಹಸಿಯಿರುವಾಗ ಗಾಳಿಯೂ ಹಸಿ. ಮರ ಒಣಗಿದಂತೆ ಗಾಳಿಯೂ ಒಣ. ಈ ತತ್ವವನ್ನು ಹಿಡಿದವರಿಗೆ ಅಂಕಿಗಳು ತಾವಾಗಿ ಅರ್ಥವಾಗುತ್ತವೆ.

ಇದು ಆರಂಭಕ್ಕೆ ಒಂದು ಮಾದರಿಯೇ ಹೊರತು ಎಲ್ಲ ಮರಕ್ಕೂ ಅಪ್ಪಣೆಯಲ್ಲ. ಹಲಗೆ 50 ಮಿ.ಮೀ. ದಪ್ಪವಿದ್ದರೆ ಇನ್ನೂ ಮೃದುವಾಗಿ ನಡೆಯಬೇಕು. ನೀಲಗಿರಿಗೆ ಇದು ಕೂಡದು. ನೀಲಗಿರಿಯ ಜೀವಕೋಶಗಳು ಹಸಿಯಲ್ಲಿ ಬಿಸಿ ತಾಗಿದರೆ ಕುಸಿಯುತ್ತವೆ, ಹಲಗೆಯ ಮೈ ತೊಳೆಹಲಗೆಯಂತೆ ಏರಿಳಿತವಾಗುತ್ತದೆ. ಅದನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಿದ ಮೇಲೆಯೇ ಕಿಲ್ನಿಗೆ ಹಾಕುವುದು ಲೇಸು.

ನ್ಯೂಜಿಲೆಂಡಿನ ಪೈನ್ ಕಲಿಸುವ ಪಾಠ

‘ಹೊರದೇಶಗಳಲ್ಲಿ ಒಂದೇ ದಿನದಲ್ಲಿ ಒಣಗಿಸುತ್ತಾರಂತೆ, ನಮ್ಮಲ್ಲೇಕೆ ವಾರಗಟ್ಟಲೆ?’ ಎಂಬ ಪ್ರಶ್ನೆ ಬರುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ನ್ಯೂಜಿಲೆಂಡಿನಲ್ಲಿ ಬೆಳೆಸುವ, ಕ್ಯಾಲಿಫೋರ್ನಿಯಾ ಮೂಲದ ರೇಡಿಯೇಟಾ ಪೈನ್ ನಿಜವಾದ ಮೆದುಮರ. ಅಲ್ಲಿ ಕಟ್ಟಡದ ತೊಲೆ ರೀಪುಗಳಿಗೆ ಒಣ ಮಾಪಕ 120, ಒದ್ದೆ ಮಾಪಕ 70 ಡಿಗ್ರಿಯಲ್ಲಿ ಸುಮಾರು ಒಂದು ದಿನದಲ್ಲೇ ಮರ ಒಣಗಿಸುವುದು ರೂಢಿಯಲ್ಲಿದೆ.

ಆದರೆ ಅದರ ಹಿಂದಿನ ಏರ್ಪಾಡನ್ನು ಗಮನಿಸಬೇಕು. ರೇಡಿಯೇಟಾ ಪೈನಿನ ಬಿಳಿಭಾಗ ನೀರನ್ನು ಬಹಳ ಸರಾಗವಾಗಿ ಬಿಟ್ಟುಕೊಡುತ್ತದೆ. ಹಲಗೆ ತಿರುಚದಂತೆ ರಾಶಿಯ ಮೇಲೆ ಭಾರಿ ಕಾಂಕ್ರೀಟ್ ತೂಕ ಹೇರುತ್ತಾರೆ. ರಾಶಿಯೊಳಗೆ ಸೆಕೆಂಡಿಗೆ ಹಲವಾರು ಮೀಟರ್ ವೇಗದ ಗಾಳಿಯನ್ನು ದೊಡ್ಡ ಪಂಖಗಳಿಂದ ಹಾಯಿಸುತ್ತಾರೆ. ಕೊನೆಯಲ್ಲಿ ಹಬೆ ಕೊಟ್ಟು ಒಳಗಿನ ಬಿಗಿತ ಸಡಿಲಿಸುತ್ತಾರೆ. ಇಷ್ಟಾದರೂ ಅಲ್ಲಿ ಎಲ್ಲ ಮರವನ್ನೂ ಹೀಗೆ ಒಣಗಿಸುವುದಿಲ್ಲ. ಹೆಚ್ಚು ಬಿಸಿಯಲ್ಲಿ ಆ ಪೈನಿನ ಮೇಲ್ಪದರದ ಕೆಳಗೆ ಕಂದು ಕಲೆ ಹಿಡಿಯುತ್ತದೆ. ಆದ್ದರಿಂದ ಅಂದ ಮುಖ್ಯವಾದ ಹಲಗೆಗಳಿಗೆ 90 ಮತ್ತು 60, ಇಲ್ಲವೇ 70 ಮತ್ತು 60 ಡಿಗ್ರಿಯಂಥ ಸೌಮ್ಯ ಕ್ರಮಗಳಿವೆ. ಒಂದೇ ಮರ, ಒಂದೇ ದೇಶ. ಆದರೂ ಬಳಕೆಗೆ ತಕ್ಕಂತೆ ಕ್ರಮ ಬೇರೆ ಬೇರೆ.

ಅವರ 120 ಡಿಗ್ರಿಯನ್ನು ನಾವು ಅನುಸರಿಸಬೇಕಾಗಿಲ್ಲ. ಅನುಸರಿಸಬೇಕಾದುದು ಅವರ ವಿವೇಚನೆಯನ್ನು. ಯಾವ ಮರ, ಎಷ್ಟು ದಪ್ಪ, ಯಾವ ಬಳಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಕ್ರಮಪಟ್ಟಿ. ರಫ್ತಿನ ಸರಕು ತುಂಬುವ ಪೆಟ್ಟಿಗೆಗೆ ಹೋಗುವ ಮರಕ್ಕೆ ಅಂತರರಾಷ್ಟ್ರೀಯ ನಿಯಮ ಕೇಳುವುದು ಹುಳು ಸಾಯುವಷ್ಟು ಬಿಸಿಯನ್ನು; ಹಲಗೆಯ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇದ್ದರೆ ಆ ನಿಯಮ ಪೂರೈಸಿತು. ಅಂಥ ಮರವನ್ನು ಪೀಠೋಪಕರಣದ ಮಟ್ಟಕ್ಕೆ ಒಣಗಿಸುತ್ತ ಕೂರುವುದು ಸೌದೆ ದಂಡ. ಅದೇ ಪೆಟ್ಟಿಗೆಯ ಹಲಗೆಯಿಂದ ಬಾಗಿಲು ಮಾಡುವುದು ಹೆಸರು ದಂಡ.

ಅರ್ಧಕ್ಕಿಂತ ಹೆಚ್ಚು ಕೆಲಸ ಗಾಳಿಯದು

ಈಗ ಖರ್ಚಿನ ಲೆಕ್ಕ ನೋಡೋಣ. ಒಂದು ಘನ ಮೀಟರ್, ಅಂದರೆ ಸುಮಾರು 35 ಘನ ಅಡಿ ಮರದಲ್ಲಿ ಒಣತೂಕ 500 ಕಿಲೋ ಇದೆಯೆಂದು ಇಟ್ಟುಕೊಳ್ಳಿ. ಶೇಕಡಾ 60ರ ತೇವಾಂಶದಿಂದ 12ಕ್ಕೆ ಇಳಿಸಬೇಕಾದರೆ 240 ಲೀಟರ್ ನೀರನ್ನು ಆವಿ ಮಾಡಬೇಕು. ಇದರಲ್ಲಿ ಶೇಕಡಾ 60ರಿಂದ 25ರವರೆಗಿನ ಪಾಲು 175 ಲೀಟರ್; 25ರಿಂದ 12ರವರೆಗಿನ ಪಾಲು 65 ಲೀಟರ್ ಮಾತ್ರ. ಮೊದಲಿನ 175 ಲೀಟರನ್ನು ಬೇಸಿಗೆಯ ಗಾಳಿ ಬಿಟ್ಟಿಯಾಗಿ ಒಯ್ಯುತ್ತದೆ. ಹಸಿ ಹಲಗೆಯನ್ನು ನೇರವಾಗಿ ಕಿಲ್ನಿಗೆ ತುಂಬುವವನು ಗಾಳಿ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಸೌದೆ, ವಿದ್ಯುತ್ತು ಸುಡುತ್ತಾನೆ. ಕ್ರಮಪಟ್ಟಿಯನ್ನು ಉತ್ತಮಪಡಿಸುವ ಮೊದಲ ಹೆಜ್ಜೆ ಕಿಲ್ನಿನ ಹೊರಗೇ ಇದೆ ಎಂದು ನಾನು ಹೇಳುವುದು ಇದರಿಂದ.

ಆದರೆ ಗಾಳಿಗೂ ಮಿತಿಯುಂಟು. ಮರ ಸುತ್ತಲಿನ ಗಾಳಿಯ ತೇವದೊಡನೆ ಸಮತೋಲಕ್ಕೆ ಬಂದು ನಿಲ್ಲುತ್ತದೆ. 30 ಡಿಗ್ರಿ ಬಿಸಿಯಲ್ಲಿ ಆರ್ದ್ರತೆ ಶೇಕಡಾ 50 ಇದ್ದರೆ ಮರ ಸುಮಾರು ಶೇಕಡಾ 9ಕ್ಕೆ, 65 ಇದ್ದರೆ 12ಕ್ಕೆ, 80 ಇದ್ದರೆ 16ಕ್ಕೆ, 90 ಇದ್ದರೆ 20ಕ್ಕೆ ನಿಲ್ಲುವುದು. ಮಡಿಕೇರಿ, ಸಕಲೇಶಪುರ, ಮೂಡಿಗೆರೆಯ ಜುಲೈ ಗಾಳಿಯಲ್ಲಿ ಆರು ತಿಂಗಳಿಟ್ಟರೂ ಹಲಗೆ ಪೀಠೋಪಕರಣಕ್ಕೆ ಬೇಕಾದಷ್ಟು ಒಣಗದು. ಅದನ್ನು ಹಾಗೆಯೇ ಬೆಂಗಳೂರಿಗೆ ಒಯ್ದು ಮೇಜು ಮಾಡಿದರೆ ಮಾರ್ಚ್ ತಿಂಗಳಲ್ಲಿ ಕುಗ್ಗುತ್ತದೆ. ಅಗಲದಲ್ಲಿ ಶೇಕಡಾ 3ರಷ್ಟು ಕುಗ್ಗಿದರೂ 15 ಸೆಂ.ಮೀ. ಹಲಗೆಗೆ ನಾಲ್ಕೂವರೆ ಮಿ.ಮೀ. ಸಂದು ಬೀಳುತ್ತದೆ. ಕೊನೆಯ ಈ ಹಂತಕ್ಕೇ ಕಿಲ್ನ್ ಬೇಕಾಗುವುದು.

ಆದ್ದರಿಂದ ಮಲೆನಾಡಿನ ಬೆಳೆಗಾರರಿಗೆ ಕಾಲದ ಲೆಕ್ಕ ಬಹು ಮುಖ್ಯ. ಕಾಫಿ ಕೊಯ್ಲು ಮುಗಿದ ಕೂಡಲೇ ಮರ ಕಡಿದು, ದಿಮ್ಮಿಯನ್ನು ಬಿಸಿಲಿನಲ್ಲಿ ಕೆಡವಿಡದೆ ಬೇಗ ಕೊಯ್ಸಿ, ಫೆಬ್ರವರಿ ಮಾರ್ಚ್ ವೇಳೆಗೆ ಹಲಗೆಗಳನ್ನು ಪೇರಿಸಿಬಿಡಬೇಕು. ಮುಂಗಾರಿಗೆ ಮೊದಲಿನ ಆ ಮೂರು ತಿಂಗಳು ಚಿನ್ನದಂಥವು. ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಮ್ಮ ಮರಕ್ಕೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಪೇರಿಸುವಾಗ ಪಾಲಿಸಬೇಕಾದ ಕ್ರಮಗಳು:

1. ನೆಲದಿಂದ ಮೊಣಕಾಲೆತ್ತರದ, ಮಟ್ಟವಾದ ಅಡಿಪಾಯದ ಮೇಲೆ, ಸೂರಿನ ಕೆಳಗೆ ಪೇರಿಸಬೇಕು. ಬದಿಗಳು ಗಾಳಿಗೆ ತೆರೆದಿರಲಿ, ಬಿಸಿಲಿಗೆ ಅಲ್ಲ.

2. ಪ್ರತಿ ಎರಡು ಹಲಗೆ ಸಾಲುಗಳ ನಡುವೆ 25 ಮಿ.ಮೀ. ದಪ್ಪದ ಒಣ ಅಡ್ಡಪಟ್ಟಿಗಳನ್ನು ಸುಮಾರು 45ರಿಂದ 60 ಸೆಂ.ಮೀ. ಅಂತರದಲ್ಲಿ ಇಡಬೇಕು. ಎಲ್ಲ ಪಟ್ಟಿಗಳೂ ಒಂದೇ ದಪ್ಪವಿರಬೇಕು, ಮೇಲಿನಿಂದ ಕೆಳಗೆ ಒಂದೇ ಗೆರೆಯಲ್ಲಿ ಬರಬೇಕು. ಪಟ್ಟಿ ಗೆರೆ ತಪ್ಪಿದಲ್ಲಿ ಹಲಗೆ ಬಾಗುತ್ತದೆ, ಬಾಗಿದ್ದನ್ನು ಯಾವ ಕಿಲ್ನೂ ನೆಟ್ಟಗೆ ಮಾಡದು.

3. ಹಲಗೆಯ ತುದಿಗಳಿಗೆ ಡಾಂಬರು, ಮೇಣ ಅಥವಾ ದಪ್ಪ ಬಣ್ಣ ಬಳಿಯಬೇಕು. ತುದಿಯಿಂದ ನೀರು ವೇಗವಾಗಿ ಹೋಗುವುದರಿಂದ ಸೀಳು ಮೊದಲು ಬೀಳುವುದು ಅಲ್ಲಿಯೇ.

4. ಒಂದು ರಾಶಿಯಲ್ಲಿ ಒಂದೇ ಜಾತಿ, ಒಂದೇ ದಪ್ಪದ ಹಲಗೆಗಳಿರಲಿ. ಮೇಲೆ ಭಾರ ಹೇರಿ.

5. ರಬ್ಬರಿನಂಥ ತಿಳಿಬಣ್ಣದ ಮರಕ್ಕೆ ನೀಲಿ ಶಿಲೀಂಧ್ರ ಮತ್ತು ಹುಳುವಿನ ಬಾಧೆ ಬಹು ಬೇಗ. ಅಂಥದ್ದನ್ನು ಕೊಯ್ದ ಕೂಡಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ತಜ್ಞರ ಸಲಹೆಯಂತೆ ಉಪಚರಿಸಬೇಕು.

ಸೂರ್ಯಶಾಖದ ಕಿಲ್ನ್

ಹಬೆಯ ಕಿಲ್ನಿಗೂ ಬಯಲಿನ ರಾಶಿಗೂ ನಡುವೆ ಒಂದು ದಾರಿಯುಂಟು. ಪಾರದರ್ಶಕ ಹೊದಿಕೆಯ ಇಳಿಜಾರು ಚಾವಣಿ, ಅದರ ಕೆಳಗೆ ಶಾಖ ಹೀರುವ ಕಪ್ಪು ತಗಡು, ಗಾಳಿ ತಿರುಗಿಸಲು ಪಂಖ, ಹಿಂಗೋಡೆಯಲ್ಲಿ ಮುಚ್ಚಿ ತೆರೆಯುವ ಕಂಡಿಗಳು. ಸೂರ್ಯಶಾಖದ ಕಿಲ್ನ್ ಎಂದರೆ ಇಷ್ಟೇ. ಇದರ ದೊಡ್ಡ ಗುಣ ರಾತ್ರಿಯಲ್ಲಿದೆ. ಹಗಲು ಒಣಗಿ ಬಿಗಿಯಾದ ಹೊರಪದರ ರಾತ್ರಿ ತಂಪಿನ ತೇವದಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ. ಪ್ರಕೃತಿಯೇ ಪ್ರತಿದಿನ ವಿಶ್ರಾಂತಿ ಕೊಡುವುದರಿಂದ ಅನುಭವ ಸಾಲದವರ ಕೈಯಲ್ಲೂ ಹಲಗೆ ಕೆಡುವುದು ಕಡಿಮೆ. ತುಮಕೂರು, ಹಾಸನದ ಬಯಲು ಸೀಮೆ, ಚಾಮರಾಜನಗರದಂಥ ಕಡೆ ಇದು ಬಹಳ ಉಪಯುಕ್ತ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಇದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಅಲ್ಲಿ ಗರಗಸದ ಹೊಟ್ಟು, ಚೂರುಪಾರು ಸೌದೆ ಉರಿಸುವ ಪೂರಕ ಒಲೆ ಬೇಕಾಗುತ್ತದೆ.

ಯಾವ ಕಿಲ್ನಾದರೂ ಕೊನೆಯ ಪರೀಕ್ಷೆಯನ್ನು ತಪ್ಪಿಸಬೇಡಿ. ಹಲಗೆಯ ನಡುವಿನಿಂದ ಒಂದು ಅಡ್ಡ ತುಂಡು ಕತ್ತರಿಸಿ, ಅದರ ನಡುಭಾಗ ತೆಗೆದು ಎರಡು ಕಾಲಿನ ಚಿಮಟದಂತೆ ಮಾಡಿ. ಕಾಲುಗಳು ನೆಟ್ಟಗೆ ನಿಂತರೆ ಮರ ನೆಮ್ಮದಿಯಾಗಿದೆ. ಒಳಕ್ಕೆ ಬಾಗಿ ಒಂದನ್ನೊಂದು ತಾಗಿದರೆ ಒಳಗೆ ಬಿಗಿತ ಉಳಿದಿದೆ. ಅಂಥ ಹಲಗೆಯನ್ನು ಬಡಗಿ ಸೀಳಿದ ಕೂಡಲೇ ಬಾಗುತ್ತದೆ. ಕೆಲವು ತಾಸು ಕಿಲ್ನಿನ ಗಾಳಿಯನ್ನು ತೇವಗೊಳಿಸಿ ಆ ಬಿಗಿತ ಸಡಿಲಿಸಿದ ಮೇಲೆಯೇ ಬಾಗಿಲು ತೆರೆಯಬೇಕು. ಅವಸರದಲ್ಲಿ ಉಳಿಸಿದ ಈ ಕೆಲವು ತಾಸುಗಳೇ ಕೆಟ್ಟ ಹೆಸರಿಗೆ ಮೂಲ.

ಆಕ್ಷೇಪಣೆಗಳಿಗೆ ಉತ್ತರ

‘ಐದಾರು ಮರ ಮಾರುವ ನಾವು ಕಿಲ್ನ್ ಕಟ್ಟುವುದೆಂತು?’ ಎಂದು ಸಣ್ಣ ಬೆಳೆಗಾರರು ಕೇಳಬಹುದು. ಕಟ್ಟಬೇಡಿ. ಒಬ್ಬನಿಗೆ ಕಿಲ್ನ್ ಲಾಭದಾಯಕವಲ್ಲ. ಅದಕ್ಕೆ ವರ್ಷವಿಡೀ ಮರ ಬೇಕು, ದಿನವೂ ತೂಕ ಬರೆದಿಡುವ ಒಬ್ಬ ನಂಬಿಕಸ್ಥ ಬೇಕು. ಆದರೆ ಒಂದು ಹೋಬಳಿಯ ಬೆಳೆಗಾರರು ಸೇರಿದರೆ ಇವೆರಡೂ ಸಾಧ್ಯ. ಹಾಲಿನ ಡೈರಿಗೆ ಪ್ರತಿಯೊಬ್ಬನೂ ತಣಿಸುವ ಯಂತ್ರ ಇಟ್ಟುಕೊಂಡಿಲ್ಲ, ಸಂಘಕ್ಕೊಂದು ಇದೆ. ಮರಕ್ಕೂ ಹಾಗೆಯೇ. ಪೇರಿಸುವ ಸೂರು ಪ್ರತಿಯೊಬ್ಬನದು, ಕಿಲ್ನ್ ಸಂಘದ್ದು ಎಂಬುದು ನನ್ನ ಸೂಚನೆ.

‘ಹಣ ಮೂರು ನಾಲ್ಕು ತಿಂಗಳು ಸಿಕ್ಕಿಕೊಳ್ಳುತ್ತದೆ’ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜ. ಮಗಳ ಮದುವೆಗೋ ಆಸ್ಪತ್ರೆಗೋ ಮರ ಮಾರುವವನಿಗೆ ನಾನು ಕಾಯಿರಿ ಎನ್ನಲಾರೆ. ಆದರೆ ಎಲ್ಲ ಮರವನ್ನೂ ಒಟ್ಟಿಗೆ ಮಾರಬೇಕಾಗಿಲ್ಲ. ಅರ್ಧವನ್ನು ಹಸಿಯಾಗಿ ಮಾರಿ, ಉಳಿದರ್ಧವನ್ನು ಒಣಗಿಸಿ ನೋಡಿ, ಕೂಲಿ, ಕೊಯ್ಲು, ಸಾಗಾಣಿಕೆ, ಕುಗ್ಗುವಿಕೆಯ ನಷ್ಟವನ್ನೆಲ್ಲ ಕಳೆದು ಲೆಕ್ಕ ಬರೆದಿಡಿ. ನಿಮ್ಮ ಪುಸ್ತಕದ ಲೆಕ್ಕ ನಿಮಗೆ ಹೇಳುವುದನ್ನು ನಾನು ಹೇಳಬೇಕಾಗಿಲ್ಲ.

‘ಒಣ ಹಲಗೆಗೆ ವ್ಯಾಪಾರಿ ಹೆಚ್ಚು ಕೊಡುವುದಿಲ್ಲ’ ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಕಠಿಣವಾದುದು. ಒಣಗಿದೆ ಎಂಬ ಬಾಯಿಮಾತಿಗೆ ಬೆಲೆಯಿಲ್ಲ, ಇರಬೇಕಾಗಿಯೂ ಇಲ್ಲ. ಯಾವ ಬಳಕೆಗೆ, ಯಾವ ಹವೆಗೆ ಎಷ್ಟು ತೇವಾಂಶವಿರಬೇಕೆಂದು ಭಾರತೀಯ ಮಾನಕ ಐ.ಎಸ್. 287 ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಹೇಳಿದೆ. ಸಂಘವು ತನ್ನ ಪ್ರತಿ ರಾಶಿಯ ಮೇಲೆ ಜಾತಿ, ದಪ್ಪ, ತೇವಾಂಶ, ದಿನಾಂಕಗಳನ್ನು ಬರೆದು, ಕೊಳ್ಳುವವನ ಎದುರಿಗೇ ಮಾಪಕ ಇಟ್ಟು ತೋರಿಸಿ ಮಾರಲಿ. ಕೊಬ್ಬಿನಂಶ ಅಳೆಯಲು ಆರಂಭಿಸಿದ ಮೇಲೆಯೇ ಒಳ್ಳೆಯ ಹಾಲಿಗೆ ಒಳ್ಳೆಯ ಬೆಲೆ ಬಂದದ್ದನ್ನು ನೀವು ಬಲ್ಲಿರಿ.

ಈ ಕೆಲಸದಲ್ಲಿ ನೆರವಾಗಬಲ್ಲ ಸಂಸ್ಥೆಗಳು ನಮ್ಮಲ್ಲಿವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, 1988ರಿಂದ ಈಗಿನ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಪೊನ್ನಂಪೇಟೆ ಮತ್ತು ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಬೆಳೆಗಾರರು ಸಂಘವಾಗಿ ಹೋಗಿ, ನಮ್ಮ ಸೀಮೆಯ ಸಿಲ್ವರ್ ಓಕ್ ಹಲಗೆಗೆ, ಹೆಬ್ಬೇವಿಗೆ, ನಮ್ಮ ಹವೆಗೆ ತಕ್ಕ ಕ್ರಮಪಟ್ಟಿ ಕೊಡಿ ಎಂದು ಕೇಳಬೇಕು. ಮೆಣಸಿಗೆ, ಕಾಫಿಗೆ ಬೇಸಾಯ ಕ್ರಮಗಳ ಕೈಪಿಡಿ ಕೊಡುವ ನಮ್ಮ ವಿಶ್ವವಿದ್ಯಾಲಯಗಳೂ ಮರದ ಅಧ್ಯಾಯವನ್ನು ಸಸಿ ನೆಡುವ ಅಂತರ, ಗೊಬ್ಬರದ ಪ್ರಮಾಣದಲ್ಲಿ ನಿಲ್ಲಿಸದೆ, ಒಣ ಹಲಗೆಯವರೆಗೆ ಮುಂದುವರಿಸಬೇಕು. ಇದು ನಮ್ಮ ಹೊಣೆ.

ನಿಮ್ಮ ಹೊಣೆ ಇದಕ್ಕಿಂತ ಚಿಕ್ಕದು, ಈ ಬೇಸಿಗೆಯಲ್ಲೇ ಆರಂಭಿಸಬಹುದಾದದ್ದು. ಒಂದು ಮರದ ಹಲಗೆಗಳನ್ನು ಸೂರಿನಡಿ ಗೆರೆ ತಪ್ಪದೆ ಪೇರಿಸಿ. ಒಂದು ಮಾದರಿ ಹಲಗೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮುಂಗಾರು ಬರುವ ಹೊತ್ತಿಗೆ ನಿಮ್ಮ ಮರ, ನಿಮ್ಮ ಊರಿನ ಗಾಳಿಯಲ್ಲಿ, ಎಷ್ಟು ವೇಗವಾಗಿ ಎಲ್ಲಿಯವರೆಗೆ ಒಣಗುತ್ತದೆ ಎಂಬ ಅಂಕಿಗಳು ನಿಮ್ಮ ಕೈಯಲ್ಲಿರುತ್ತವೆ. ಕಿಲ್ನ್ ನಡೆಸುವವನೊಡನೆ ಅಥವಾ ವ್ಯಾಪಾರಿಯೊಡನೆ ಮಾತಿಗೆ ಕೂರುವಾಗ ಆ ಪುಸ್ತಕವನ್ನು ಜೊತೆಯಲ್ಲಿ ಒಯ್ಯಿರಿ.